50 ಎಂಎಂ ಲೆನ್ಸ್, ಎರಡು ವರ್ಷ: ಸಿನಿಮಾ ರಾತ್ರಿಗೆ ಸೈ, ಮಳೆಗೆ ಹುಷಾರು

ಮೊದಲೇ ಹೇಳಿಬಿಡುತ್ತೇನೆ, ಇದು ಗೋಡೆಗೆ ಚಾರ್ಟ್ ಅಂಟಿಸಿ ಅಳತೆ ಮಾಡಿದ ರಿವ್ಯೂ ಅಲ್ಲ. ನಾನು ಹವ್ಯಾಸಕ್ಕೆ ಫೋಟೋ ತೆಗೆಯುವವನು. ವಾರವೆಲ್ಲ ಬೇರೆ ಕೆಲಸ. ಬಿಡುವಾದಾಗ ಹತ್ತಿರದಲ್ಲಿ ಎಲ್ಲಾದರೂ ಸಿನಿಮಾ ತೋರಿಸುತ್ತಾರೆ ಅಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಗೆಳೆಯರು ಟೆಂಟ್ ಕಟ್ಟಿಕೊಂಡು ಹೊರಟರೆ ಅವರ ಹಿಂದೆಯೂ ಹೋಗುತ್ತೇನೆ, ಅದು ಯಾಕೋ ಪ್ರತಿ ಸಲ ಮಳೆ ಹೊಡೆಯುವ ದಿನವೇ ಆಗಿರುತ್ತದೆ. ಈ ಎರಡೂ ಕಡೆ ಎರಡು ವರ್ಷದಿಂದ ನನ್ನ ಕ್ಯಾಮೆರಾ ಮೂತಿಗೆ ಅಂಟಿಕೊಂಡಿರುವುದು ಒಂದೇ ಲೆನ್ಸ್. 50 ಎಂಎಂ, ಎಫ್ 1.8. ಮೊದಲ ಅಂಕಿ ಫೋಕಲ್ ಲೆಂಗ್ತ್, ಅದು ಹೆಚ್ಚಿದಷ್ಟೂ ಫ್ರೇಮಿನೊಳಗೆ ಬರುವ ನೋಟ ಕಿರಿದು. ಎರಡನೆಯದು ಬೆಳಕು ಬಿಡುವ ಕಿಂಡಿಯದು, ಅದು ಕಮ್ಮಿಯಾದಷ್ಟೂ ಕಿಂಡಿ ದೊಡ್ಡದು.

ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಹೇಳಿದರೂ ದೊಡ್ಡ ಉಪಯೋಗವಿಲ್ಲ. ಲೆನ್ಸ್ ಬದಲಿಸುವ ಕ್ಯಾಮೆರಾ ಮಾಡುವ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವರ ಹತ್ತಿರ ಇಂಥದ್ದೊಂದು ಇದೆ, ಮತ್ತು ಸಾಮಾನ್ಯವಾಗಿ ಅವರ ಪಟ್ಟಿಯಲ್ಲಿ ಕೆಳಗಡೆ, ಅಗ್ಗದ ಸಾಲಿನಲ್ಲೇ ಇರುತ್ತದೆ. ಒಳಗಿನ ಗಾಜಿನ ಜೋಡಣೆಯೂ ಹೆಚ್ಚುಕಮ್ಮಿ ಒಂದೇ ಮನೆತನದ್ದು. ಹಾಗಾಗಿ ನನ್ನ ಲೆನ್ಸ್ ಬಗ್ಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಮ್ಮದಕ್ಕೂ ಹೊಂದುತ್ತದೆ. ನನ್ನದು ಪ್ಲಾಸ್ಟಿಕ್ ಮೈ, 160 ಗ್ರಾಂ ಆಸುಪಾಸಿನ ತೂಕ. ಕೈಯಲ್ಲಿ ಹಿಡಿದರೆ ಆಟದ ಸಾಮಾನಿನ ಹಾಗೆ ಅನ್ನಿಸುತ್ತದೆ, ಸುಳ್ಳು ಹೇಳಲ್ಲ. ಕ್ಯಾಮೆರಾ 1.5 ಕ್ರಾಪ್ ಸೆನ್ಸರಿನದು, ಅಂದರೆ ಚಿತ್ರ ಹಿಡಿಯುವ ಚಿಪ್ (ಸೆನ್ಸರ್) ಫುಲ್ ಫ್ರೇಮ್ ಅನ್ನುವ ದೊಡ್ಡ ಗಾತ್ರಕ್ಕಿಂತ ಒಂದೂವರೆ ಪಟ್ಟು ಚಿಕ್ಕದು. ಈ ಕ್ರಾಪ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಜಗಳ ಇರುವುದು ಅದರ ಜೊತೆಗೇ.

ಇದನ್ನು ತಗೊಂಡಿದ್ದು ಒಂದೇ ಕಾರಣಕ್ಕೆ, ಕತ್ತಲು. ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್ ಹಗಲಲ್ಲಿ ಒಳ್ಳೆಯ ಹುಡುಗ. ಸಂಜೆಯಾದರೆ ಸಾಕು, ಕೈ ಎತ್ತಿಬಿಡುತ್ತದೆ. ಅದನ್ನು 50ರ ಹತ್ತಿರ ಝೂಮ್ ಮಾಡಿದರೆ ತೆರೆದುಕೊಳ್ಳುವುದು ಎಫ್ 5.6ರವರೆಗೆ ಮಾತ್ರ. ಈ ಎಫ್ ಲೆಕ್ಕ ತುಂಬ ಸುಲಭ. 50ನ್ನು 5.6ರಿಂದ ಭಾಗಿಸಿದರೆ ಸುಮಾರು 9, ಅಂದರೆ ಬೆಳಕು ಒಳಗೆ ಬರುವುದು 9 ಮಿಲಿಮೀಟರ್ ಅಗಲದ ಕಿಂಡಿಯಲ್ಲಿ. ಅದೇ 50ನ್ನು 1.8ರಿಂದ ಭಾಗಿಸಿ, 28 ಮಿಲಿಮೀಟರ್ ಬರುತ್ತದೆ. ಅಗಲ ಮೂರು ಪಟ್ಟು, ಆದರೆ ಬೆಳಕಿಗೆ ಬೇಕಾಗಿರುವುದು ಕಿಂಡಿಯ ವಿಸ್ತೀರ್ಣ, ಹಾಗಾಗಿ ಬೆಳಕು ಹತ್ತಿರ ಹತ್ತಿರ 10 ಪಟ್ಟು. ಕಿಟ್ ಲೆನ್ಸಿನಲ್ಲಿ ಸೆಕೆಂಡಿನ 6ನೇ ಒಂದು ಭಾಗ ಶಟರ್ (ಸೆನ್ಸರಿಗೆ ಬೆಳಕು ಬಿಡುವ ಬಾಗಿಲು) ತೆರೆದು, ಎಲ್ಲರ ಮುಖವನ್ನೂ ಕಲಸಿಬಿಡುತ್ತಿದ್ದ ಫೋಟೋ ಇದರಲ್ಲಿ 60ನೇ ಒಂದು ಭಾಗಕ್ಕೆ ಬಂತು. ಅಷ್ಟೇ ವಿಷಯ. ಹಿನ್ನೆಲೆ ಬ್ಲರ್ ಆಗುತ್ತದೆ, ಮುಖ ಎದ್ದು ಕಾಣುತ್ತದೆ ಅಂತೆಲ್ಲ ಹೊಗಳುತ್ತಾರಲ್ಲ, ಅದು ಆಮೇಲಿನ ಮಾತು.

ಸಿನಿಮಾ ರಾತ್ರಿ ಅಂದರೆ ದೊಡ್ಡ ಥಿಯೇಟರ್ ಅಂದುಕೊಳ್ಳಬೇಡಿ. ಒಂದು ಹಾಲ್, ಇಲ್ಲದಿದ್ದರೆ ಬಯಲು. ಒಂದು ಬಿಳಿ ಪರದೆ, ಮೇಜಿನ ಮೇಲೊಂದು ಪ್ರೊಜೆಕ್ಟರ್, ನಲವತ್ತೋ ಐವತ್ತೋ ಕುರ್ಚಿ. ನಾನು ಪರದೆಯ ಮೇಲಿನ ಚಿತ್ರದ ಫೋಟೋ ತೆಗೆಯುವುದಿಲ್ಲ. ಅದು ಬೇರೆಯವರ ಕೆಲಸ, ಅದನ್ನು ನಾನು ಕದಿಯುವುದರಲ್ಲಿ ಅರ್ಥವಿಲ್ಲ. ನಾನು ತೆಗೆಯುವುದು ನೋಡುವವರನ್ನು. ನಡೆಸುವವರ ಹತ್ತಿರ ಮೊದಲೇ ಕೇಳಿರುತ್ತೇನೆ, ಶುರುವಾಗುವ ಮುಂಚೆ ಅವರೇ ಎಲ್ಲರಿಗೂ ಒಂದು ಮಾತು ಹೇಳುತ್ತಾರೆ, ಬೇಡ ಅಂದವರ ಕಡೆ ಕ್ಯಾಮೆರಾ ತಿರುಗಿಸುವುದಿಲ್ಲ.

ಪರದೆಯಿಂದ ವಾಪಸ್ ಬರುವ ಬೆಳಕು ಎಷ್ಟು ಕಮ್ಮಿ ಅನ್ನುವುದು ಕ್ಯಾಮೆರಾ ಎತ್ತಿದ ಮೇಲೇ ಗೊತ್ತಾಗುವುದು. ಡಿಜಿಟಲ್ ಥಿಯೇಟರಿನ ಪರದೆಯ ಬಿಳಿಗೇ ಇರುವ ಹೊಳಪಿನ ಅಳತೆ ಚದರ ಮೀಟರಿಗೆ 48 ಕ್ಯಾಂಡೆಲಾ. ನಮ್ಮ ಫೋನಿನ ಸ್ಕ್ರೀನ್ ಬಿಸಿಲಲ್ಲಿ ಅದರ ಹತ್ತು ಪಟ್ಟು ಸಲೀಸಾಗಿ ದಾಟುತ್ತದೆ. ಮೇಜಿನ ಮೇಲಿನ ಸಣ್ಣ ಪ್ರೊಜೆಕ್ಟರಿನ ಬೆಳಕು ಪರದೆಗೆ ಬಡಿದು, ಅಲ್ಲಿಂದ ನಾಲ್ಕನೇ ಸಾಲಿನ ಮುಖದ ಮೇಲೆ ಬೀಳುವ ಹೊತ್ತಿಗೆ ಉಳಿಯುವುದು ಚೂರುಪಾರು. ನಾನು ಬಳಸುವ ಸೆಟ್ಟಿಂಗ್ ಸಾಮಾನ್ಯವಾಗಿ ಹೀಗೆ: ಎಫ್ 2, ಐಎಸ್ಒ (ಬೆಳಕಿಗೆ ಸೆನ್ಸರಿನ ಚುರುಕು) 3200ರಿಂದ 6400, ಶಟರ್ 30ನೇ ಅಥವಾ 60ನೇ ಒಂದು ಭಾಗ. ಕಾಳು ಕಾಳಾಗಿ ಬರುತ್ತದೆ. ಬರಲಿ ಬಿಡಿ, ಕಪ್ಪುಬಿಳುಪು ಮಾಡಿದರೆ ಅದೂ ಚೆಂದವೇ.

ಇಲ್ಲಿ ಒಂದು ಸಣ್ಣ ಗುಟ್ಟು. ಜನ ನಗುವಾಗ ಮೈ ಅಲ್ಲಾಡುತ್ತದೆ, ತಲೆ ಹಿಂದಕ್ಕೆ ಹೋಗುತ್ತದೆ, 60ನೇ ಒಂದು ಭಾಗವೂ ಸಾಲದು. ಭಯದ ಅಥವಾ ದುಃಖದ ದೃಶ್ಯ ಬಂದಾಗ ಇಡೀ ಹಾಲ್ ಕಲ್ಲಾಗುತ್ತದೆ. ಆಗ 15ನೇ ಒಂದು ಭಾಗಕ್ಕೂ ಮುಖ ನಿಂತುಕೊಳ್ಳುತ್ತದೆ. ನನ್ನ ಒಳ್ಳೆಯ ಫೋಟೋಗಳೆಲ್ಲ ಹಾಗೆ ಜನ ಉಸಿರು ಬಿಗಿಹಿಡಿದ ಹೊತ್ತಿನವು. ನಗುವಿನ ಫೋಟೋ ಎರಡು ವರ್ಷದಲ್ಲಿ ಸರಿಯಾಗಿ ಬಂದಿದ್ದು ಮೂರೋ ನಾಲ್ಕೋ.

ಶುರುವಿನಲ್ಲಿ ನಾನೂ ಜಾಣತನ ಮಾಡಲು ಹೋದೆ. ಲೆನ್ಸ್ 1.8 ಇದೆ, ಬೆಳಕು ಬೇಕಾದಷ್ಟಿದೆ ಅಂತ ಶಟರನ್ನು 500ನೇ ಒಂದು ಭಾಗಕ್ಕೆ ಏರಿಸಿದೆ. ಮನೆಗೆ ಬಂದು ನೋಡಿದರೆ ಒಂದು ಮುಖ ಹಸಿರು, ಪಕ್ಕದ್ದು ಕೆಂಪು, ಅದರ ಮೇಲೆ ಅಡ್ಡಡ್ಡ ಪಟ್ಟಿ. ಲೆನ್ಸ್ ಕೆಟ್ಟಿದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಲೆನ್ಸಿನ ತಪ್ಪೇ ಅಲ್ಲ. ಪುಟ್ಟ ಪುಟ್ಟ ಕನ್ನಡಿಗಳ ಒಂದೇ ಚಿಪ್ ಇರುವ ಡಿಎಲ್‌ಪಿ ಪ್ರೊಜೆಕ್ಟರ್ ಕೆಂಪು, ಹಸಿರು, ನೀಲಿಯನ್ನು ಒಟ್ಟಿಗೆ ಬಿಡುವುದಿಲ್ಲ, ಒಂದರ ಹಿಂದೆ ಒಂದು ಬಿಡುತ್ತದೆ. ಹೆಚ್ಚಿನವುಗಳಲ್ಲಿ ಅದಕ್ಕೆ ಅಂತಲೇ ಬಣ್ಣದ ಚಕ್ರವೊಂದು ಒಳಗೆ ಗಿರಗಿರ ತಿರುಗುತ್ತಿರುತ್ತದೆ. ನಮ್ಮ ಕಣ್ಣು ಮೂರನ್ನೂ ಸೇರಿಸಿಕೊಂಡು ನೋಡುತ್ತದೆ. 500ನೇ ಒಂದು ಭಾಗದಲ್ಲಿ ಕ್ಯಾಮೆರಾಗೆ ಸಿಗುವುದು ಒಂದು ಚೂರು ಬಣ್ಣ ಮಾತ್ರ. ಶಟರ್ ನಿಧಾನ ಮಾಡಿದರೆ ಎಲ್ಲ ಬಣ್ಣವೂ ಕೂಡಿಕೊಳ್ಳುತ್ತದೆ, ರೋಗ ಅಲ್ಲಿಗೇ ವಾಸಿ. ನಿಜವಾದ ರೀಲ್ ಓಡಿಸುವ ಕಡೆಯೂ ಹೀಗೆಯೇ. ಅಲ್ಲಿ ಸೆಕೆಂಡಿಗೆ 24 ಫ್ರೇಮ್, ಆದರೆ ಮಿಣುಕು ಕಣ್ಣಿಗೆ ಕಾಣದಿರಲಿ ಅಂತ ಪ್ರೊಜೆಕ್ಟರಿನ ಶಟರ್ ಒಂದೊಂದು ಫ್ರೇಮನ್ನೂ ಎರಡು ಸಲ ಅಥವಾ ಮೂರು ಸಲ ತೋರಿಸುತ್ತದೆ, ಅಂದರೆ ಸೆಕೆಂಡಿಗೆ 48 ಅಥವಾ 72 ಸಲ ಬೆಳಕು, ನಡುನಡುವೆ ಅಷ್ಟೇ ಸಲ ಕತ್ತಲು. ಜೋರು ಶಟರ್ ಇಟ್ಟರೆ ನೀವು ಆ ಕತ್ತಲನ್ನೇ ಹಿಡಿಯಬಹುದು!

ಇನ್ನೊಂದು ಎಡವಟ್ಟು ನನ್ನದೇ. ಮೊದಲ ರಾತ್ರಿ ಕ್ಯಾಮೆರಾದ ಮುಂದಿನ ಆ ಸಣ್ಣ ಫೋಕಸ್ ದೀಪ ಆರಿಸುವುದು ಮರೆತಿದ್ದೆ. ಕತ್ತಲಲ್ಲಿ ಬಟನ್ ಅರ್ಧ ಒತ್ತಿದರೆ ಸಾಕು, ಎದುರಿನವರ ಮೂಗಿನ ಮೇಲೆ ಕೇಸರಿ ಬೆಳಕು. ಪ್ರೊಜೆಕ್ಟರ್ ನೋಡಿಕೊಳ್ಳುವ ಹಿರಿಯರೊಬ್ಬರು ಬಗ್ಗಿಕೊಂಡೇ ಬಂದು ನನ್ನ ಭುಜ ಮುಟ್ಟಿದರು.

"ಏನಪ್ಪಾ, ಆ ದೀಪ ಸ್ವಲ್ಪ ಆರಿಸ್ತೀಯಾ? ಎರಡು ಸಿನಿಮಾ ಓಡ್ತಿದೆ ಇಲ್ಲಿ."

"ಸಾರಿ ಅಣ್ಣ, ಗೊತ್ತಾಗ್ಲಿಲ್ಲ."

"ಸದ್ದೂ ಕಮ್ಮಿ ಮಾಡು."

ಅವತ್ತಿನಿಂದ ಹಾಲ್ ಒಳಗೆ ಹೋಗುವ ಮುಂಚೆಯೇ ಆ ದೀಪ ಬಂದ್, ಹಿಂದಿನ ಸ್ಕ್ರೀನ್ ಬಂದ್, ಬೀಪ್ ಬಂದ್. ಸೈಲೆಂಟ್ (ಸದ್ದಿಲ್ಲದ ಎಲೆಕ್ಟ್ರಾನಿಕ್) ಶಟರ್ ಇರುವವರು ಅದನ್ನೇ ಬಳಸುತ್ತಾರೆ, ಆದರೆ ಸೆನ್ಸರ್ ಸಾಲು ಸಾಲಾಗಿ ಓದಿಕೊಳ್ಳುವುದರಿಂದ ಆಗಲೇ ಹೇಳಿದ ಅಡ್ಡ ಪಟ್ಟಿಯ ಕಾಟ ಅದರಲ್ಲಿ ಇನ್ನೂ ಜಾಸ್ತಿ. ನಾನು ಮೆಕ್ಯಾನಿಕಲ್ ಶಟರನ್ನೇ ಇಟ್ಟುಕೊಂಡು, ಸಿನಿಮಾದಲ್ಲಿ ಹಾಡೋ ಗದ್ದಲವೋ ಬಂದಾಗ ಮಾತ್ರ ಒತ್ತುತ್ತೇನೆ. ಲೆನ್ಸಿನ ಮೋಟರ್ ಸದ್ದು ಬೇರೆ ಇದೆ. ಕತ್ತಲಲ್ಲಿ ಫೋಕಸ್ ಸಿಗದೆ ಅದು ಹಿಂದಕ್ಕೆ ಮುಂದಕ್ಕೆ ಹುಡುಕಾಡುವಾಗ ಸಣ್ಣಗೆ ಕಿರ್ ಕಿರ್ ಅನ್ನುತ್ತದೆ. ಹೊರಗೆ ಕೇಳಿಸದಷ್ಟು ಸಣ್ಣದು, ನಿಶ್ಶಬ್ದ ಹಾಲಿನಲ್ಲಿ ಪಕ್ಕದವರು ತಿರುಗಿ ನೋಡುವಷ್ಟು ದೊಡ್ಡದು.

ಫೋಕಸ್ ವಿಷಯ ಬಂದಿದ್ದರಿಂದ ಒಂದು ಫೋಟೋದ ಕಥೆ ಹೇಳುತ್ತೇನೆ. ಎರಡನೇ ಸಾಲಿನ ತುದಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ದಪ್ಪ ಕನ್ನಡಕ. ಆ ಕನ್ನಡಕದ ಎರಡೂ ಗಾಜಿನಲ್ಲಿ ಪುಟ್ಟ ಪುಟ್ಟ ಪರದೆ, ಎರಡರಲ್ಲೂ ಸಿನಿಮಾ. ಅವರ ಬೆರಳು ಸೆರಗಿನ ಅಂಚನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು. ನಾನು ಇದ್ದಿದ್ದು 2 ಮೀಟರ್ ದೂರದಲ್ಲಿ. 1.8ರಲ್ಲಿ ಹತ್ತು ಫೋಟೋ ತೆಗೆದೆ. ಹತ್ತರಲ್ಲಿ ಆರರಲ್ಲಿ ಕಿವಿ ಶಾರ್ಪ್, ಕನ್ನಡಕ ಮಂಜು. ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ನನ್ನ ಸೆನ್ಸರಿನಲ್ಲಿ 2 ಮೀಟರ್ ದೂರಕ್ಕೆ, 1.8ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 11 ಸೆಂಟಿಮೀಟರ್. ಅಂದರೆ ಮುಂದೆ ಐದೂವರೆ, ಹಿಂದೆ ಐದೂವರೆ. ಅವರು ಪರದೆ ಕಡೆ ಸ್ವಲ್ಪ ಬಾಗಿದರೂ ಮುಗಿಯಿತು. ಕಿಂಡಿಯನ್ನು 2.8ಕ್ಕೆ ಕಿರಿದು ಮಾಡಿದರೆ ಅದೇ ಆಳ 17 ಸೆಂಟಿಮೀಟರಿನಷ್ಟಾಗುತ್ತದೆ, ಒಂದು ಮುಖಕ್ಕೆ ಸಾಕು. ಕೊನೆಗೆ ಉಳಿದ ಒಂದು ಫೋಟೋ ತೆಗೆದಿದ್ದು 2.8ರಲ್ಲೇ, ಶಟರ್ 25ನೇ ಒಂದು ಭಾಗ, ಕುರ್ಚಿಯ ಬೆನ್ನಿಗೆ ಮೊಣಕೈ ಊರಿಕೊಂಡು. ಅದನ್ನು ಪ್ರಿಂಟ್ ಹಾಕಿಸಿ ಅವರಿಗೇ ಕೊಟ್ಟೆ. "ನನ್ನ ಮೂಗು ಇಷ್ಟು ದೊಡ್ಡದಾ?" ಅಂತ ಕೇಳಿದರು.

ಅದು ಲೆನ್ಸಿನ ಮಾಯೆ ಅಲ್ಲ, ಅಜ್ಜಿಯ ಮೂಗೇ ದೊಡ್ಡದು. 50 ಎಂಎಂನಲ್ಲಿ ಎರಡು ಮೀಟರ್ ದೂರ ನಿಂತು ತೆಗೆದರೆ ಮುಖ ಹಿಗ್ಗುವುದಿಲ್ಲ. ಫೋನಿನ ಅಗಲದ ಕ್ಯಾಮೆರಾ ಮುಖಕ್ಕೆ ಹಿಡಿದಾಗ ಮೂಗು ಊದುತ್ತದಲ್ಲ, ಅದು ತೀರಾ ಹತ್ತಿರ ಹೋಗುವುದರಿಂದ. ಇದನ್ನು ಅವರಿಗೆ ಹೇಳುವ ಧೈರ್ಯ ಮಾಡಲಿಲ್ಲ.

ಒಂದು ಮಾತು ಇಲ್ಲೇ ಸೇರಿಸಬೇಕು. ಈ ಲೆನ್ಸ್ ಹಿಡಿದು ಸಿನಿಮಾ ಹಾಲಿನಲ್ಲಿ ಕೂತಾಗ ನನಗೆ ಒಂಥರಾ ಖುಷಿ. ಯಾಕೆಂದರೆ ನಮ್ಮ ಸ್ಟಿಲ್ ಕ್ಯಾಮೆರಾಕ್ಕೂ ಸಿನಿಮಾ ರೀಲಿಗೂ ರಕ್ತಸಂಬಂಧ. ಜರ್ಮನಿಯ ಲೈಟ್ಜ್ ಕಂಪನಿಯಲ್ಲಿದ್ದ ಆಸ್ಕರ್ ಬರ್ನಾಕ್ ಸಿನಿಮಾಕ್ಕೆ ಬಳಸುವ 35 ಎಂಎಂ ಫಿಲ್ಮನ್ನೇ ಅಡ್ಡಕ್ಕೆ ಓಡಿಸಿ, 18 ಬೈ 24 ಮಿಲಿಮೀಟರಿನ ಸಿನಿಮಾ ಫ್ರೇಮನ್ನು ಎರಡು ಪಟ್ಟು ಮಾಡಿ 24 ಬೈ 36 ಮಾಡಿಕೊಂಡ. ಅದೇ ಕ್ಯಾಮೆರಾ 1925ರಲ್ಲಿ ಲೈಕಾ ಹೆಸರಲ್ಲಿ ಮಾರುಕಟ್ಟೆಗೆ ಬಂತು, ಅದರ ಮೂತಿಗಿದ್ದದ್ದೂ 50 ಎಂಎಂ ಲೆನ್ಸ್. ಇವತ್ತು ಫುಲ್ ಫ್ರೇಮ್ ಅನ್ನುವುದು ಆ 24 ಬೈ 36ನ್ನೇ. ನನ್ನ ಕ್ರಾಪ್ ಸೆನ್ಸರ್ ಹೆಚ್ಚುಕಮ್ಮಿ ಹಳೆಯ ಸಿನಿಮಾ ಫ್ರೇಮಿನ ಗಾತ್ರಕ್ಕೇ ವಾಪಸ್ ಬಂದ ಹಾಗೆ ಆಯಿತು! ಲೆನ್ಸಿನ ಒಳಗಿನ ಜೋಡಣೆ ಇನ್ನೂ ಹಳೆಯದು. 1896ರಲ್ಲಿ ಜರ್ಮನಿಯದೇ ಲೆನ್ಸ್ ಕಂಪನಿ ಝೈಸ್‌ನ ಪೌಲ್ ರುಡಾಲ್ಫ್ ಮಾಡಿದ ಪ್ಲಾನಾರ್ ಅನ್ನುವ ಲೆನ್ಸಿನ ವಂಶ. ನಡುವೆ ಅಪರ್ಚರ್ (ಆಗಲೇ ಹೇಳಿದ ಬೆಳಕಿನ ಕಿಂಡಿ), ಅದರ ಆಚೆ ಈಚೆ ಕನ್ನಡಿಯಲ್ಲಿ ನೋಡಿದ ಹಾಗೆ ಎದುರುಬದುರು ಕೂತ ಗಾಜುಗಳು. ಅಷ್ಟು ಹಳೆಯ, ಪಳಗಿದ ವಿನ್ಯಾಸ, ಅಗ್ಗಕ್ಕೆ ಸಿಗುವುದಕ್ಕೆ ಅದೂ ಒಂದು ಕಾರಣ.

ಸರಿ, ಇನ್ನು ಜಗಳ. ಕ್ರಾಪ್ ಸೆನ್ಸರಿನಲ್ಲಿ ಈ 50 ಎಂಎಂ ನಡೆದುಕೊಳ್ಳುವುದು ಫುಲ್ ಫ್ರೇಮಿನ 75 ಎಂಎಂ ಥರ. 3 ಮೀಟರ್ ದೂರದಲ್ಲಿ ನಿಂತರೆ ಫ್ರೇಮಿನೊಳಗೆ ಬರುವ ಅಗಲ 1.4 ಮೀಟರ್ ಮಾತ್ರ. ಎರಡು ಕುರ್ಚಿ ಹಿಡಿಯುತ್ತದೆ, ಮೂರನೆಯವರ ಅರ್ಧ ಮುಖ ಕತ್ತರಿಸುತ್ತದೆ. ಝೂಮ್ ಇಲ್ಲದ ಇಂಥ ಲೆನ್ಸ್ ಬಗ್ಗೆ ಎಲ್ಲರೂ ಹೇಳುವ ಉಪದೇಶ ಒಂದಿದೆ, "ಕಾಲೇ ಝೂಮ್, ನಡೆದುಕೊಂಡು ಹಿಂದೆ ಮುಂದೆ ಹೋಗಿ" ಅಂತ. ಸ್ವಾಮಿ, ಸಿನಿಮಾ ಓಡುತ್ತಿರುವಾಗ ಎಲ್ಲಿಗೆ ನಡೆಯುವುದು? ಎದ್ದು ನಿಂತರೆ ಹಿಂದಿನಿಂದ ಬೈಗುಳ. ಹಿಂದೆ ಸರಿದರೆ ಗೋಡೆ. ಹಾಗಾಗಿ ಪ್ರೇಕ್ಷಕರೆಲ್ಲ ಒಟ್ಟಿಗೆ ಕಾಣುವ ಅಗಲದ ಫೋಟೋ ನನ್ನ ಹತ್ತಿರ ಇಲ್ಲವೇ ಇಲ್ಲ. ಇರುವುದೆಲ್ಲ ಒಂಟಿ ಮುಖ, ಜೋಡಿ ಮುಖ, ಕೈ, ಕುರ್ಚಿಯ ಮೇಲೆ ನಿದ್ದೆ ಹೋದ ಮಗು. ಅದೇ ನನ್ನ ಶೈಲಿ ಅಂತ ಗೆಳೆಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಬೇರೆ ದಾರಿ ಇರಲಿಲ್ಲ.

ಟೆಂಟಿನಲ್ಲಿ ಇದು ಇನ್ನೂ ಕಷ್ಟ. ಇಬ್ಬರು ಮಲಗುವ ಟೆಂಟಿನ ಉದ್ದ ಎರಡು ಮೀಟರಿಗಿಂತ ಒಂದು ಗೇಣು ಜಾಸ್ತಿ, ಅಷ್ಟೇ. ಒಳಗೆ ಕೂತು ಎದುರಿನವರ ಫೋಟೋ ತೆಗೆದರೆ ಹಣೆಯಿಂದ ಗಲ್ಲದವರೆಗೆ ಬರುತ್ತದೆ, ಟೆಂಟ್ ಕಾಣುವುದೇ ಇಲ್ಲ. ಫೋಟೋ ನೋಡಿದವರಿಗೆ ಅದು ಟೆಂಟೋ ಮನೆಯೋ ಗೊತ್ತಾಗಬಾರದು ಅಂತಿದ್ದರೆ ಈ ಲೆನ್ಸ್ ಸರಿಯಾಗಿದೆ.

ಆದರೆ ಮಳೆಯ ರಾತ್ರಿ ಟಾರ್ಪಾಲ್ ಕೆಳಗೆ ಕೂತು ಹೊರಗೆ ನೋಡುತ್ತಾ ತೆಗೆದರೆ ಕಥೆಯೇ ಬೇರೆ. ಹಗಲಲ್ಲಿ ಮಳೆ ಫೋಟೋದಲ್ಲಿ ಬರುವುದೇ ಇಲ್ಲ, ಗಮನಿಸಿದ್ದೀರಾ? ಮುಂದೆ ಧೋ ಅಂತ ಸುರಿಯುತ್ತಿರುತ್ತದೆ, ಫೋಟೋದಲ್ಲಿ ಬರೀ ಬೂದು ಬಣ್ಣ. ಮಳೆ ಕಾಣಬೇಕಾದರೆ ಹಿಂದೆ ಕಪ್ಪಿರಬೇಕು, ಬೆಳಕು ಹನಿಯ ಹಿಂದಿನಿಂದಲೋ ಪಕ್ಕದಿಂದಲೋ ಬರಬೇಕು. ನಾವು ಟಾರ್ಚೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಎದುರಿನ ಮರದ ಬುಡದಲ್ಲಿ ನಮ್ಮ ಕಡೆಗೆ ಓರೆಯಾಗಿ ಇಟ್ಟೆವು. ಆಮೇಲೆ ಆಟ ಶಟರಿನದು. 2 ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. ಶಟರ್ 60ನೇ ಒಂದು ಭಾಗವಾದರೆ ಆ ಹೊತ್ತಿನಲ್ಲಿ ಅದು 10 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಇಳಿದಿರುತ್ತದೆ, ಫೋಟೋದಲ್ಲಿ ಉದ್ದ ಬೆಳ್ಳಿ ಗೀರು. 1000ನೇ ಒಂದು ಭಾಗಕ್ಕೆ ಏರಿಸಿದರೆ ಆರೂವರೆ ಮಿಲಿಮೀಟರ್ ಗೀಟು, ಹೆಚ್ಚುಕಮ್ಮಿ ಚುಕ್ಕಿ. ನನಗೆ ಗೀರೇ ಇಷ್ಟ, ಚುಕ್ಕಿಯಾದರೆ ಫೋಟೋ ಮೇಲೆ ಧೂಳು ಬಿದ್ದ ಹಾಗೆ ಕಾಣುತ್ತದೆ. ಕ್ಯಾಮೆರಾದ ಫ್ಲಾಶ್ ಅಂತೂ ಹಾಕಲೇಬೇಡಿ. ಲೆನ್ಸಿನ ಹತ್ತಿರದ ಹನಿಗಳಿಗೆಲ್ಲ ಬೆಳಕು ಬಡಿದು ದೊಡ್ಡ ದೊಡ್ಡ ಬಿಳಿ ಬಿಲ್ಲೆ ಬರುತ್ತವೆ. ಕೆಲವರು ಅದನ್ನೇ ದೆವ್ವ ಅಂತ ತೋರಿಸುವುದೂ ಉಂಟು.

ಅದೇ ರಾತ್ರಿ ಗೆಳೆಯ ಟಾರ್ಪಾಲಿನ ಮೇಲೆ ಹೊಟ್ಟೆಯ ಹಾಗೆ ಇಳಿಬಿದ್ದ ನೀರನ್ನು ಒಂದು ಕೋಲಿನಿಂದ ಮೇಲಕ್ಕೆ ತಳ್ಳಿದ. ಬಕೆಟ್ ಬೋರಲು ಹಾಕಿದ ಹಾಗೆ ನೀರು ಅಂಚಿನಿಂದ ಜಾರಿತು, ಅದರ ಹಿಂದೆ ಟಾರ್ಚ್, ನೀರಿನ ನಡುವೆ ಅವನ ಕೈ. ಎಫ್ 2, 125ನೇ ಒಂದು ಭಾಗ, ಐಎಸ್ಒ 3200. ಎರಡು ವರ್ಷದಲ್ಲಿ ಈ ಲೆನ್ಸ್ ಕೊಟ್ಟ ಅತಿ ಒಳ್ಳೆಯ ಫೋಟೋ ಅದು. "ಲೋ, ಸಾಕು ಒಳಗೆ ಬಾರೋ, ಕ್ಯಾಮೆರಾ ನೆನೀತಿದೆ" ಅಂತ ಅವನು ಕೂಗುತ್ತಲೇ ಇದ್ದ. ನಾನು ಹೋಗಲಿಲ್ಲ. ಹೋಗಬೇಕಿತ್ತು.

ಈ ಲೆನ್ಸಿಗೆ ಮಳೆಯಿಂದ ರಕ್ಷಣೆ ಅನ್ನುವುದೇ ಇಲ್ಲ. ದುಬಾರಿ ಲೆನ್ಸ್‌ಗಳ ಹಿಂಬದಿಯಲ್ಲಿ, ಕ್ಯಾಮೆರಾಗೆ ಕೂರುವ ಜಾಗದಲ್ಲಿ, ರಬ್ಬರಿನ ತೆಳು ಬಳೆ ಇರುತ್ತದೆ. ನನ್ನದರಲ್ಲಿ ಅದಿಲ್ಲ. ಫೋಕಸ್ ಮಾಡುವಾಗ ಮುಂದಿನ ಕೊಳವೆ ಹೊರಗೆ ಒಳಗೆ ಓಡಾಡುತ್ತದೆ, ಅದರ ಸುತ್ತ ಸಣ್ಣ ಸಂದು. ತೇವ ಒಳಗೆ ಹೋಗುವುದಕ್ಕೆ ಅಷ್ಟು ಸಾಕು. ಎರಡನೇ ಬೆಳಗ್ಗೆ ಎದ್ದು ನೋಡಿದರೆ ಲೆನ್ಸ್ ಒಳಗೆ ಮಂಜು. ಹೊರಗಿನ ಗಾಜಿನ ಮೇಲಲ್ಲ, ಒರೆಸಿದರೆ ಹೋಗಲು. ಒಳಗೆ, ಗಾಜು ಗಾಜಿನ ನಡುವೆ. ರಾತ್ರಿ ಒದ್ದೆ ಲೆನ್ಸನ್ನು ಜೋಪಾನ ಮಾಡುತ್ತೇನೆ ಅಂತ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿದ್ದೆ. ನನ್ನ ಮೈಬಿಸಿಗೆ ಒಳಗಿದ್ದ ತೇವ ಆವಿಯಾಗಿದೆ, ಬೆಳಗಿನ ಚಳಿಗೆ ಹೊರತೆಗೆದ ಕೂಡಲೇ ಮುಂದಿನ ಗಾಜಿನ ಒಳಮೈಗೆ ಕೂತಿದೆ. ಜೋಪಾನವೇ ಮುಳುವಾಯಿತು.

ಅವತ್ತು ಇಡೀ ದಿನ ಲೆನ್ಸ್ ಮುಟ್ಟಲಿಲ್ಲ. ಮನೆಗೆ ಬಂದು ಒಬ್ಬ ರಿಪೇರಿಯವರಿಗೆ ಫೋನ್ ಮಾಡಿದರೆ, ನೋಡದೆಯೇ "ಪೂರ್ತಿ ಬಿಚ್ಚಿ ತೊಳೀಬೇಕು" ಅಂದರು. ಮನಸ್ಸು ಒಪ್ಪಲಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಕಾಳು ತುಂಬಿ, ಎರಡೂ ಕಡೆಯ ಕ್ಯಾಪ್ ತೆಗೆದು ಲೆನ್ಸ್ ಇಟ್ಟೆ. ಮೂರನೇ ದಿನಕ್ಕೆ ಮಂಜು ಪೂರ್ತಿ ಹೋಗಿತ್ತು. ಕಿತ್ತಳೆ ಬಣ್ಣದ ಜೆಲ್ ಕಾಳುಗಳೆಲ್ಲ ಹಸಿರಾಗಿದ್ದವು, ಅಷ್ಟು ನೀರು ಕುಡಿದಿದ್ದವು. ಅವನ್ನು 120 ಡಿಗ್ರಿ ಆಸುಪಾಸಿನಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತವೆ, ಬಿಸಾಡಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಅಂತ ಹೇಳುವವರ ಮಾತು ಕೇಳಬೇಡಿ, ಅಕ್ಕಿ ಹೀರುವುದು ಕಮ್ಮಿ, ಅದರ ಹಿಟ್ಟು ಮೋಟರಿನೊಳಗೆ ಹೋಗುವುದು ಗ್ಯಾರಂಟಿ. ಮತ್ತೆ, ಮಂಜು ಹೋಗುವವರೆಗೆ ಕ್ಯಾಮೆರಾ ಆನ್ ಮಾಡಬೇಡಿ, ಒಳಗಿರುವುದು ಕರೆಂಟಿನ ಸಾಮಾನು.

ಒಣಗಿಸುವುದರಲ್ಲಿ ಸೋಮಾರಿತನ ಮಾಡಿದರೆ ಮುಂದಿನ ಹಂತ ಫಂಗಸ್. ತೇವಾಂಶ 60 ಪರ್ಸೆಂಟ್ ದಾಟಿದ, ಗಾಳಿಯಾಡದ, ಕತ್ತಲು ಬ್ಯಾಗಿನಲ್ಲಿ ವಾರಗಟ್ಟಲೆ ಇಟ್ಟರೆ ಗಾಜಿನ ಮೇಲೆ ಜೇಡರ ಬಲೆಯ ಥರ ಎಳೆ ಎಳೆಯಾಗಿ ಬೆಳೆಯುತ್ತದೆ, ಗಾಜಿನ ಲೇಪನವನ್ನೇ ತಿನ್ನುತ್ತದೆ. 40ರಿಂದ 50 ಪರ್ಸೆಂಟ್ ಒಳ್ಳೆಯದು. ತೀರಾ ಒಣಗಿಸುವುದೂ ಬೇಡ.

ಆಮೇಲೆ ನಾನು ಮಾಡಿಕೊಂಡ ವ್ಯವಸ್ಥೆ ಇಷ್ಟೇ. ಲೆನ್ಸ್ ಹುಡ್ (ಮೂತಿಯ ಮುಂದೆ ನೆರಳಿಗೆ ಹಾಕುವ ಬಳೆ) ಯಾವಾಗಲೂ ಹಾಕಿರುತ್ತೇನೆ, ಬಿಸಿಲಿಗಲ್ಲ, ಮುಂದಿನ ಗಾಜಿಗೆ ಹನಿ ಬೀಳದಿರಲಿ ಅಂತ. ಒಂದು ದಪ್ಪ ಪ್ಲಾಸ್ಟಿಕ್ ಕವರಿನ ತಳಕ್ಕೆ ತೂತು ಮಾಡಿ, ಆ ತೂತನ್ನು ಹುಡ್ ಸುತ್ತ ರಬ್ಬರ್ ಬ್ಯಾಂಡಿನಿಂದ ಬಿಗಿದು, ಕವರಿನ ಬಾಯಿಯ ಕಡೆಯಿಂದ ಕೈ ಹಾಕುತ್ತೇನೆ. ಒಂದು ಎಚ್ಚರಿಕೆ: ರಬ್ಬರ್ ಬ್ಯಾಂಡ್ ಕೊಳವೆಯನ್ನು ಹಿಡಿದುಕೊಂಡರೆ ಫೋಕಸ್ ಮೋಟರ್ ಒದ್ದಾಡುತ್ತದೆ, ಹುಡ್ ಕೊಳವೆಯ ಜೊತೆ ಓಡಾಡುವಂಥದ್ದಾದರೆ ಕವರನ್ನು ಸಡಿಲವಾಗಿ ಬಿಡಿ. ನೋಡಲು ಅಸಹ್ಯ, ಕೆಲಸ ಮಾತ್ರ ಚೊಕ್ಕ. ಟೆಂಟಿಗೆ ಬಂದ ಮೇಲೆ ಹೊರಗಿನ ನೀರು ಒರೆಸಿ, ಕ್ಯಾಮೆರಾ ಸಮೇತ ಜಿಪ್ ಕವರಿಗೆ ಹಾಕಿ, ಜೊತೆಗೆ ಎರಡು ಸಿಲಿಕಾ ಪೊಟ್ಟಣ. ಸ್ಲೀಪಿಂಗ್ ಬ್ಯಾಗಿನೊಳಗೆ ಈಗ ಬ್ಯಾಟರಿ ಮಾತ್ರ ಮಲಗುತ್ತದೆ, ಚಳಿಗೆ ಅದು ಬೇಗ ಸುಸ್ತಾಗುವುದರಿಂದ. ಸಾಮಾನಿನ ಮೇಲೆ ಐಪಿಎಕ್ಸ್ 4 ಅಂತ ಬರೆದಿದ್ದರೆ ನೀರು ಸಿಡಿದರೆ ತಡೆಯುತ್ತದೆ ಅಂತ ಅರ್ಥ, ಐಪಿಎಕ್ಸ್ 7 ಇದ್ದರೆ 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಬರೀ "ವೆದರ್ ರೆಸಿಸ್ಟೆಂಟ್" ಅಂತ ಬರೆದು ನಂಬರ್ ಹಾಕದಿದ್ದರೆ ಅದು ಸಮಾಧಾನದ ಮಾತು ಅಂದುಕೊಳ್ಳಿ.

ಇನ್ನು ಚಿಕ್ಕಪುಟ್ಟದ್ದು. ಬಿಳಿ ಆಕಾಶದ ಎದುರು ಟೆಂಟಿನ ಹಗ್ಗ ತೆಗೆದರೆ ಅಂಚಿಗೆ ನೇರಳೆ ಬಣ್ಣ ಬರುತ್ತದೆ, 2.8ಕ್ಕೆ ಇಳಿಸಿದರೆ ಕಮ್ಮಿಯಾಗುತ್ತದೆ. ಪ್ರೊಜೆಕ್ಟರ್ ನೇರ ಲೆನ್ಸಿಗೆ ಹೊಡೆದರೆ ಫೋಟೋ ಬಿಳಿಚಿಕೊಳ್ಳುತ್ತದೆ, ಅದಕ್ಕೆ ಹುಡ್ ಇದ್ದರೂ ಅಷ್ಟಕ್ಕಷ್ಟೇ. ಅಪರ್ಚರಿಗೆ 7 ರೆಕ್ಕೆ, ಹಾಗಾಗಿ ಎಫ್ 11ರಲ್ಲಿ ಟ್ರೈಪಾಡ್ ಇಟ್ಟು ಹೆಡ್‌ಲ್ಯಾಂಪ್ ತೆಗೆದರೆ 14 ಮೊನೆಯ ನಕ್ಷತ್ರ. ಮಕ್ಕಳಿಗೆ ಅದನ್ನು ತೋರಿಸಿದರೆ ನೀವೇ ಹೀರೋ. ಪ್ಲಾಸ್ಟಿಕ್ ಮೈ ಬಗ್ಗೆ ದೂರಿಲ್ಲ, ಎರಡು ಸಲ ಬಿದ್ದಿದೆ, ಒಂದು ಸಲ ಕಲ್ಲಿನ ಮೇಲೆ. ಗೀರು ಬಿತ್ತು, ಕೆಲಸ ನಿಲ್ಲಲಿಲ್ಲ.

ತಗೋಬೇಕಾ? ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಕ್ರಾಪ್ ಸೆನ್ಸರ್ ಇದ್ದು, ಮುಖದ ಫೋಟೋ ಇಷ್ಟವಿದ್ದರೆ ತಗೊಳ್ಳಿ. ಕ್ರಾಪ್ ಸೆನ್ಸರ್ ಇದ್ದು ಹಾಲ್, ಟೆಂಟ್ ಅಂತ ಇಕ್ಕಟ್ಟಿನಲ್ಲೇ ಓಡಾಡುವವರಾದರೆ 35 ಎಂಎಂ ಎಫ್ 1.8 ನೋಡಿ, ಮೂರು ಮೀಟರಿನಲ್ಲಿ ಎರಡು ಮೀಟರ್ ಅಗಲ ಸಿಗುತ್ತದೆ, ಮೂರನೆಯವರ ಮುಖ ಉಳಿಯುತ್ತದೆ. ಇವತ್ತು ಮತ್ತೆ ಆರಿಸುವ ಅವಕಾಶ ಸಿಕ್ಕರೆ ನಾನೇ ಅದನ್ನು ಆರಿಸುತ್ತೇನೆ. ಹಾಗಂತ ಇದನ್ನು ಮಾರುವ ಯೋಚನೆ ಇಲ್ಲ, ಅಜ್ಜಿಯ ಕನ್ನಡಕದ ಫೋಟೋ 35ರಲ್ಲಿ ಬರುತ್ತಿರಲಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಕೈಯಲ್ಲೊಂದು ಟಾರ್ಚ್ ಇಟ್ಟುಕೊಂಡು ಹೋಗಿ. ಎರಡೂ ಕ್ಯಾಪ್ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಧೂಳಿನ ನಾಲ್ಕು ಚುಕ್ಕಿ ಇದ್ದರೆ ಚಿಂತೆ ಬೇಡ, ಫೋಟೋದಲ್ಲಿ ಕಾಣುವುದಿಲ್ಲ. ಬಲೆಯಂಥ ಎಳೆ ಕಂಡರೆ ಬೇಡ. ಅಪರ್ಚರ್ ರೆಕ್ಕೆಯ ಮೇಲೆ ಎಣ್ಣೆ ಮಿಂಚುತ್ತಿದ್ದರೂ ಬೇಡ. ನಿಮ್ಮ ಕ್ಯಾಮೆರಾಗೆ ಹಾಕಿ, ಒಂದು ನ್ಯೂಸ್ ಪೇಪರ್ ಗೋಡೆಗೆ ಅಂಟಿಸಿ 2.8ರಲ್ಲಿ ನೇರ ಎದುರಿನಿಂದ ತೆಗೆದು ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ, ಒಂದು ಮೂಲೆ ಮಾತ್ರ ಮಂಜಾಗಿದ್ದರೆ ಒಳಗಿನ ಗಾಜು ವಾಲಿದೆ ಅಂತ. ಇಷ್ಟಕ್ಕೆಲ್ಲ ಹತ್ತು ನಿಮಿಷ ಬೇಕು. ಮಾರುವವರು ಟಾರ್ಚ್ ನೋಡಿದ ಕೂಡಲೇ ಮುಖ ಗಂಟು ಹಾಕಿಕೊಂಡರೆ, ಲೆನ್ಸ್ ವಾಪಸ್ ಅವರ ಕೈಗೇ ಕೊಟ್ಟು ಎದ್ದು ಬನ್ನಿ.